ಖಾರದ ಕೈ

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಹೇಳಿಕೊಂಡು ತಿರುಗುವವರನ್ನು ಜನವರಿಯಲ್ಲಿ ನಮ್ಮ ಹೈಸ್ಕೂಲಿಗೆ ಕರೆತರಬೇಕು. ಹತ್ತನೇ ತರಗತಿಯ ಕಿಟಕಿ ತೆರೆದು, ಒಂದು ಪೀರಿಯಡ್ ಪಾಠ ಮಾಡಿ ನೋಡೋಣ ಎನ್ನಬೇಕು. ಅರ್ಧ ಪಾಠಕ್ಕೇ ಕೆಮ್ಮುತ್ತ, ಮೂಗು ಒರೆಸಿಕೊಳ್ಳುತ್ತ ಹೊರಗೆ ಓಡದಿದ್ದರೆ ನನ್ನ ಹೆಸರು ದೀಪಿಕಾ ಅಲ್ಲ.

ನಾನು ಅಲ್ಲಿ ಸಮಾಜ ವಿಜ್ಞಾನದ ಅತಿಥಿ ಶಿಕ್ಷಕಿ. ರಾಣೇಬೆನ್ನೂರಿನಿಂದ ಬ್ಯಾಡಗಿಗೆ ದಿನಾ ಬಸ್ಸಿನಲ್ಲಿ ಓಡಾಟ. ಅತಿಥಿ ಎಂದ ಮಾತ್ರಕ್ಕೆ ಯಾರೂ ಕೂಡಿಸಿ ಉಪಚಾರ ಮಾಡುವುದಿಲ್ಲ. ಮುಂದಿನ ವರ್ಷ ಬರಬೇಕೋ ಬೇಡವೋ ಎಂದು ಬೇರೆಯವರು ಹೇಳುವವರೆಗೆ ಬಾಯಿ ಮುಚ್ಚಿಕೊಂಡು ಕಾಯಬೇಕು ಅಷ್ಟೆ. ಬಾಯಿ ಮುಚ್ಚಿಕೊಳ್ಳುವುದು ನನ್ನಿಂದ ಆಗದ ಕೆಲಸ. "ಟೀಚರ್, ನೀವು ಪಾಠ ಚಲೋ ಮಾಡ್ತೀರಿ, ಆದ್ರ ಸಿಟ್ಟು ಭಾಳ" ಎಂದು ಹೆಡ್‌ಮಾಸ್ತರ ಮಾಂತೇಶ ಸರ್ ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಸಿಟ್ಟು ಬರುವಂಥದ್ದನ್ನು ಅವರು ಮಾಡದಿದ್ದರೆ ನನಗೂ ಬರುತ್ತಿರಲಿಲ್ಲ.

ನಮ್ಮ ಶಾಲೆಗೆ ದೊಡ್ಡ ಮೈದಾನವಿದೆ. ಆದರೆ ಜನವರಿಯಿಂದ ಯುಗಾದಿಯವರೆಗೆ ಅದು ಮೈದಾನವಲ್ಲ, ಗುಡ್ಡಪ್ಪ ಸಾವಕಾರರ ಕಣ. ಸೋಮವಾರ ಮತ್ತು ಗುರುವಾರದ ಮಾರುಕಟ್ಟೆಯಲ್ಲಿ ಅವರು ಕೊಂಡ ಕಾಯಿ ಹಸಿಯಾಗಿದ್ದರೆ ಕೋಲ್ಡ್ ಸ್ಟೋರೇಜಿನಲ್ಲಿ ಇಡಲು ಬರುವುದಿಲ್ಲ, ಕೆಡುತ್ತದೆ. ಹಾಗಾಗಿ ಮರುದಿನ ಟ್ರ್ಯಾಕ್ಟರಿನಲ್ಲಿ ತಂದು ನಮ್ಮ ಮೈದಾನದ ತುಂಬ ಹರಡುತ್ತಾರೆ. ನೋಡಲು ಕೆಂಪು ಜಮಖಾನೆ ಹಾಸಿದಂತಿರುತ್ತದೆ. ಯಾರು ಯಾರೋ ಕಾರು ನಿಲ್ಲಿಸಿ ಫೋಟೊ ತೆಗೆದುಕೊಳ್ಳುತ್ತಾರೆ. ಅವರಿಗೇನು, ಅವರ ಮಕ್ಕಳು ಅಲ್ಲಿ ಕಲಿಯುವುದಿಲ್ಲ.

ಗುಡ್ಡಪ್ಪ ನಮ್ಮ ಶಾಲಾ ಸಮಿತಿಯ ಅಧ್ಯಕ್ಷರೂ ಹೌದು. ಶಾಲೆಯ ರಂಗಮಂಟಪ ಕಟ್ಟಿಸಿಕೊಟ್ಟು, ಅದರ ಮೇಲೆ ತಂದೆಯ ಹೆಸರನ್ನು ಶಾಲೆಯ ಹೆಸರಿಗಿಂತ ದಪ್ಪ ಅಕ್ಷರದಲ್ಲಿ ಬರೆಸಿದವರು. ಅಷ್ಟು ಮಾಡಿದ ಮನುಷ್ಯನಿಗೆ ಒಂದಿಷ್ಟು ದಿನ ಮೈದಾನ ಬಿಟ್ಟುಕೊಟ್ಟರೆ ನಮ್ಮ ಗಂಟೇನು ಹೋಗುತ್ತದೆ ಎಂಬುದು ಹೆಡ್‌ಮಾಸ್ತರರ ವಾದ. ಹೋಗುವುದು ಮಕ್ಕಳ ಗಂಟು. ಸುಗ್ಗಿಯಲ್ಲಿ ಅವರಿಗೆ ಆಟದ ಪೀರಿಯಡ್ ಇಲ್ಲ. ಘಾಟು ಬರುತ್ತದೆಂದು ಕಿಟಕಿ ತೆರೆಯುವಂತಿಲ್ಲ. ಗೇಟಿನಿಂದ ಗೋಡೆಗುಂಟ ಕಳ್ಳರ ಹಾಗೆ ಸಾಲಾಗಿ ಒಳಗೆ ಬರಬೇಕು. ತಿನ್ನುವ ಬೆಳೆಯನ್ನು ತುಳಿಯಬಾರದು ಎಂಬುದು ಇಲ್ಲಿಯ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾದ ಮಾತಲ್ಲ, ಹಾಗಾಗಿ ಒಂದು ಮಗುವೂ ಕಾಯಿಯ ಮೇಲೆ ಕಾಲಿಡುವುದಿಲ್ಲ. ಗುಡ್ಡಪ್ಪನವರಿಗೆ ಅದು ಚೆನ್ನಾಗಿ ಗೊತ್ತು. ಬೇಲಿ ಹಾಕುವ ಖರ್ಚೂ ಇಲ್ಲದೆ ಮೈದಾನ ಅವರದಾಗಿತ್ತು.

ಅಂಥ ಸುಗ್ಗಿಯಲ್ಲೊಂದು ದಿನ ನಾನು ಕಾನೂನು ಭಂಗ ಚಳವಳಿಯ ಪಾಠ ಮಾಡುತ್ತಿದ್ದೆ. ಪರೀಕ್ಷೆಗೆ ನಾಲ್ಕು ಅಂಕದ ಪ್ರಶ್ನೆ ಎಂದು ಹೇಳಿ ಮುಗಿಸಿಬಿಡುವ ಪಾಠ ಅದಲ್ಲ. ದಂಡಿಯವರೆಗೆ ನಡೆದವರಲ್ಲಿ ಇಲ್ಲೇ ಪಕ್ಕದ ಮೋಟೆಬೆನ್ನೂರಿನ ಮೈಲಾರ ಮಹಾದೇವ ಎಂಬ ಹುಡುಗನೂ ಇದ್ದ ಎಂದೆ. ಅಂಕೋಲೆಯಲ್ಲಿ ಉಪ್ಪು ಮಾಡಿದವರ ಬಗ್ಗೆ, ನಮ್ಮ ಹಿರೇಕೆರೂರ ಕಡೆ ಕರ ಕೊಡುವುದಿಲ್ಲ ಎಂದು ಕೂತ ರೈತರ ಬಗ್ಗೆ ಹೇಳಿದೆ. ಸತ್ಯಾಗ್ರಹಕ್ಕೂ ದೊಂಬಿಗೂ ಏನು ವ್ಯತ್ಯಾಸ ಎಂದು ಒಬ್ಬ ಕೇಳಿದ. ಸತ್ಯಾಗ್ರಹಿ ಮೊದಲು ಎದುರಿನವನ ಮುಂದೆ ಹೋಗಿ, ನಾನು ಇಂಥ ದಿನ ಇಂಥ ನಿಯಮ ಮುರಿಯುತ್ತೇನೆ ಎಂದು ಹೇಳುತ್ತಾನೆ. ಯಾರ ಸೊತ್ತನ್ನೂ ಹಾಳು ಮಾಡುವುದಿಲ್ಲ. ಶಿಕ್ಷೆ ಕೊಟ್ಟರೆ ಓಡಿಹೋಗುವುದಿಲ್ಲ ಎಂದೆ. ಆಮೇಲೆ ರೂಢಿಯಂತೆ ಕೊನೆಯ ಪ್ರಶ್ನೆ ಹಾಕಿದೆ: "ಈಗಿನ ಕಾಲದಾಗ ನಿಮಗ ಅನ್ಯಾಯ ಅನಸೋ ನಿಯಮ ಯಾವುದು?"

ಶಾಲೆಗೆ ಮೊಬೈಲ್ ತರಬಾರದು ಎನ್ನುವ ನಿಯಮ ಎಂದು ಎಲ್ಲರೂ ಕೂಗುತ್ತಾರೆ, ನಾನು ಬೈಯುತ್ತೇನೆ, ಗಂಟೆ ಹೊಡೆಯುತ್ತದೆ ಎಂದುಕೊಂಡಿದ್ದೆ. ಆದರೆ ಸಿಮ್ರಾನ ಎದ್ದು ನಿಂತಳು. ನಮ್ಮ ಹುಡುಗಿಯರ ಖೋಖೋ ತಂಡದ ನಾಯಕಿ ಅವಳು, ಕ್ಲಾಸಿನಲ್ಲೂ ಮೊದಲಿಗಳು. ಮುಚ್ಚಿದ ಕಿಟಕಿಯ ಕಡೆ ಕೈ ತೋರಿಸಿದಳು.

"ಅದ್ರೀ ಟೀಚರ್. ಗಂಡ ಹುಡುಗ್ರು ರಸ್ತೆದಾಗರ ಆಡ್ತಾರ. ನಾವು ಎಲ್ಲಿ ಆಡೋಣ್ರೀ? ನಮ್ಮ ಮೈದಾನ ನಮಗ ಯಾಕ ಇಲ್ಲ?"

ನಾನು ತಬ್ಬಿಬ್ಬಾದೆ. ಚಲೋ ಪ್ರಶ್ನೆ, ಎಲ್ಲರೂ ಇದರ ಬಗ್ಗೆ ಯೋಚನೆ ಮಾಡಿ ಎಂದೆ. ಯೋಚನೆ ಮಾಡಿ ಎಂದರೆ ಮಕ್ಕಳು ಮರೆತುಬಿಡುತ್ತಾರೆ ಎಂಬುದು ನಮ್ಮ ಮೇಷ್ಟ್ರುಗಳ ನಂಬಿಕೆ. ಇವರು ನಿಜಕ್ಕೂ ಯೋಚನೆ ಮಾಡಿದರು.

ಶನಿವಾರ ಶಾಲೆ ಬಿಟ್ಟ ಮೇಲೆ ಸಿಮ್ರಾನ, ಅವಳದೇ ಕ್ಲಾಸಿನ ಮೈಲೇಶ ಮತ್ತು ಇನ್ನೂ ಕೆಲವರು ಗುಡ್ಡಪ್ಪನವರ ಅಂಗಡಿಗೆ ಹೋಗಿ ಕೈಮುಗಿದು ನಿಂತರಂತೆ. ಸ್ಪೋರ್ಟ್ಸ್ ಡೇಗೆ ಚಂದಾ ಕೇಳಲು ಬಂದಿದ್ದಾರೆಂದು ತಿಳಿದು ಸಾವಕಾರರು ಎಲ್ಲರಿಗೂ ಚಹಾ ತರಿಸಿದರಂತೆ. ಮಕ್ಕಳು ಚಹಾ ಕುಡಿದು ಮುಗಿಸಿ, "ಸಾವಕಾರ್ರ, ಮಂಗಳವಾರ ನಾವು ಮೈದಾನದಾಗ ಕುಂದರತೇವ್ರಿ. ಕಾಯಿ ಹಾಕಾಕ ಬಿಡೂದಿಲ್ಲ. ಮೊದಲ ಹೇಳಬೇಕಂತ ಐತಿ, ಅದಕ್ಕ ಹೇಳಾಕ ಬಂದೇವಿ" ಎಂದರಂತೆ. ಗುಡ್ಡಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕು, "ಆತು, ಕುಂದ್ರಿ. ಬಿಸಲಾಗ ಟೊಪ್ಪಿಗಿ ಹಾಕ್ಕೊಂಡ ಬರ್ರಿ" ಎಂದು ಕಳಿಸಿಕೊಟ್ಟರಂತೆ. ಇದನ್ನೆಲ್ಲ ನನಗೆ ಮೈಲೇಶ ಹೇಳಿದ್ದು ಮಂಗಳವಾರ ಬೆಳಿಗ್ಗೆ, ನಾನು ಬಸ್ಸಿಳಿದು ಗೇಟಿನ ಹತ್ತಿರ ಬಂದಾಗ. ಅಷ್ಟು ಹೊತ್ತಿಗೆ ಅವರು ಕೂತಾಗಿತ್ತು.

ಹಿಂದಿನ ಸಂಜೆ ಒಣಗಿದ ಕಾಯಿಯನ್ನು ತುಂಬಿಕೊಂಡು ಹೋಗಿದ್ದರು, ಹೊಸ ಕಾಯಿ ಇನ್ನೂ ಬಂದಿರಲಿಲ್ಲ. ಆ ಸಂದು ನೋಡಿಯೇ ದಿನ ಆರಿಸಿದ್ದರು. ಒಂದೇ ಒಂದು ಕಾಯಿಯನ್ನೂ ತುಳಿಯದೆ, ಮೈದಾನದ ನಡುವೆ ಹತ್ತನೇ ತರಗತಿ ಪೂರ್ತಿ ಪದ್ಮಾಸನ ಹಾಕಿ ಕೂತಿತ್ತು. ಘೋಷಣೆ ಇಲ್ಲ, ಬಾವುಟ ಇಲ್ಲ. ಎಲ್ಲರ ತೊಡೆಯ ಮೇಲೂ ಗಣಿತದ ಪುಸ್ತಕ. ಎದುರಿಗೆ ಈಗಷ್ಟೇ ಕಾಯಿ ಹೇರಿಕೊಂಡು ಬಂದ ಟ್ರ್ಯಾಕ್ಟರ್ ಗುರುಗುಡುತ್ತ ನಿಂತಿತ್ತು. ನನ್ನ ಎದೆ ಉಬ್ಬಿತು, ಸುಳ್ಳು ಯಾಕೆ ಹೇಳಲಿ. ಕಲಿಸಿದ್ದು ಹೀಗೆ ಎದ್ದು ಬಂದು ಕಣ್ಣೆದುರು ಕೂತದ್ದನ್ನು ನೋಡುವ ಭಾಗ್ಯ ಎಷ್ಟು ಜನ ಮೇಷ್ಟ್ರುಗಳಿಗೆ ಸಿಕ್ಕೀತು?

ಆ ಹೆಮ್ಮೆ ಗುಡ್ಡಪ್ಪನವರ ಬೈಕು ಬರುವವರೆಗೆ ಮಾತ್ರ ಉಳಿಯಿತು. ಅವರು ಮಕ್ಕಳನ್ನು ಬೈಯಲಿಲ್ಲ. ಸಾಲು ಸಾಲಾಗಿ ಮುಖ ನೋಡುತ್ತ ಬಂದು ಸಿಮ್ರಾನಳ ಮುಂದೆ ನಿಂತರು.

"ನೀ ಕುಲ್ಸುಮಬಿ ಮಗಳಲ್ಲ?"

"ಹೌದ್ರೀ."

"ನಿಮ್ಮವ್ವ ನನ್ನ ಗೋದಾಮಿನ್ಯಾಗ ದುಡೀತಾಳ. ನೀ ಏಳಲಿಲ್ಲಂದ್ರ ನಾಳಿಂದ ಆಕಿಗೆ ಕೆಲಸ ಇಲ್ಲ. ಕೆಲಸ ಇಲ್ಲಂದ್ರ ನಿನಗ ಕಾಲೇಜೂ ಇಲ್ಲ. ವಿಚಾರ ಮಾಡು."

ಕುಲ್ಸುಮಬಿ ಎದುರಿನ ಗೋದಾಮಿನಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸು. ಗಂಡ ತೀರಿಕೊಂಡ ಮೇಲೆ ಆ ಮನೆ ನಡೆಯುವುದು ಅವಳ ದುಡಿಮೆಯಿಂದಲೇ. ಮಗಳನ್ನು ಹಾವೇರಿಯ ಕಾಲೇಜಿಗೆ ಕಳಿಸುತ್ತೇನೆ, ನನ್ನ ಹಾಗೆ ಕಾಯಿಯ ಗುಡ್ಡೆಯ ಮುಂದೆ ಕೂಡಿಸುವುದಿಲ್ಲ ಎಂದು ಪಾಲಕರ ಸಭೆಯಲ್ಲಿ ಎಲ್ಲರ ಎದುರು ಹೇಳಿದ್ದಳು. ಆ ಹುಡುಗಿಯ ಓದು ಈಗ ಗುಡ್ಡಪ್ಪನವರ ಒಂದು ಮಾತಿನ ಮೇಲೆ ನಿಂತಿತ್ತು, ಅಲ್ಲಿಗೆ ತಂದು ನಿಲ್ಲಿಸಿದವಳು ನಾನು.

ಹೆಡ್‌ಮಾಸ್ತರ ವರಾಂಡದಿಂದ ಓಡಿ ಬಂದರು. "ಟೀಚರ್, ಇದು ನಿಮ್ಮ ಕಾರಭಾರ. ನೀವ ಎಬ್ಬಸ್ರಿ. ಹಾವೇರಿ ಶಿಕ್ಷಣ ಆಫೀಸಿನಿಂದ ಫೋನ್ ಬಂದ್ರ ನಾ ಏನ ಹೇಳ್ಲಿ?"

ಹಾವೇರಿಯ ಫೋನು ಹಾಳಾಗಿ ಹೋಗಲಿ. ನಾನು ಸಿಮ್ರಾನಳ ಪಕ್ಕ ಕುಕ್ಕರಗಾಲಲ್ಲಿ ಕೂತೆ. "ಏಳವ್ವಾ ಸಿಮ್ರಾನ. ನೀ ಒಬ್ಬಾಕಿ ಎದ್ದು ಕ್ಲಾಸಿಗೆ ಹೋಗು. ಉಳದವ್ರು ಕೂತಿರ್ಲಿ. ಯಾರೂ ನಿನಗ ಏನೂ ಅನ್ನೂದಿಲ್ಲ" ಎಂದೆ. ನನ್ನ ದನಿ ನನಗೇ ಅಸಹ್ಯವೆನಿಸುವಷ್ಟು ಮೆತ್ತಗಿತ್ತು.

ಅವಳು ಪುಸ್ತಕದಿಂದ ತಲೆ ಎತ್ತಲಿಲ್ಲ. ಕಿವಿ ಮಾತ್ರ ಕೆಂಪಾಗಿತ್ತು. "ಶಿಕ್ಷೆ ಕೊಟ್ರ ಓಡಿ ಹೋಗಬಾರ್ದಂತ ನೀವ ಹೇಳೀರಲ್ರೀ ಟೀಚರ್."

"ಅದು ಪಾಠ, ಸಿಮ್ರಾನ."

"ಹಂಗಾರ ಅದು ಸುಳ್ಳೇನ್ರಿ?"

ಏನು ಹೇಳಲಿ? ಸುಳ್ಳು ಎಂದರೆ ನಾನು ಆವರೆಗೆ ಮಾಡಿದ ಪಾಠವೆಲ್ಲ ಪರೀಕ್ಷೆಯ ಕಸ. ಖರೆ ಎಂದರೆ ಈ ಮಗುವಿನ ಬಾಳಿಗೆ ನಾನೇ ಕಲ್ಲು ಹಾಕಿದಂತೆ. ಎದ್ದು ನಿಂತೆ, ಬಾಯಿ ಬರಲಿಲ್ಲ. ಜೀವನದಲ್ಲಿ ನನಗೆ ಬಾಯಿ ಬರದಿದ್ದುದು ಕಡಿಮೆ.

ನನ್ನಿಂದ ಆಗಲಿಲ್ಲ ಎಂದು ಕಂಡ ಕೂಡಲೇ ಗುಡ್ಡಪ್ಪ ಗೋದಾಮಿಗೆ ಆಳು ಕಳಿಸಿದರು. ಸ್ವಲ್ಪ ಹೊತ್ತಿನಲ್ಲಿ ರಸ್ತೆ ದಾಟಿ ಹೆಂಗಸರು ಬಂದರು. ತಲೆಗೆ ಬಟ್ಟೆ ಸುತ್ತಿ, ಮೂಗು ಬಾಯಿ ಮುಚ್ಚಿ, ಕಣ್ಣು ಮಾತ್ರ ಕಾಣುವ ಹಾಗೆ. ಮೈದಾನದಲ್ಲಿ ಕೂತಿದ್ದ ಅರ್ಧ ಮಕ್ಕಳ ತಾಯಂದಿರು, ಅಜ್ಜಿಯರು ಅವರೇ. ಎಲ್ಲರಿಗಿಂತ ಮುಂದೆ ಕುಲ್ಸುಮಬಿ, ಅವಳ ಬೆನ್ನಿಗೆ ಮೈಲೇಶನ ಅಜ್ಜಿ ಭರಮವ್ವ.

"ನಿಮ್ಮ ನಿಮ್ಮ ಹುಡುಗ್ರನ್ನ ನೀವ ಎಬ್ಬಿಸಿ ಒಳಗ ಕಳಸ್ರಿ" ಎಂದರು ಗುಡ್ಡಪ್ಪ. "ಮೊದಲ ನೀ, ಕುಲ್ಸುಮಾ. ಎಳಕೊಂಡ ಹೋಗು ಮಗಳನ್ನ."

ಕುಲ್ಸುಮಬಿ ಮುಖದ ಬಟ್ಟೆ ಬಿಚ್ಚಿದಳು. ಮಗಳ ಮುಂದೆ ಹೋಗಿ ನಿಂತಳು. ಅವಳಿಗೆ ಎಂಥ ಸಿಟ್ಟು ಬಂದಿತ್ತೆಂದರೆ, ಈಗ ಈ ಹುಡುಗಿಯ ಕೆನ್ನೆಗೆ ಬೀಳುತ್ತದೆ ಎಂದೇ ನಾನು ತಿಳಿದೆ. ಸಿಮ್ರಾನ ಮೊದಲ ಸಲ ತಲೆ ಎತ್ತಿ, "ಅಮ್ಮೀ" ಎಂದಳು, ಅಷ್ಟೆ. ಕಣ್ಣಲ್ಲಿ ನೀರು ತುಂಬಿತ್ತು, ಆದರೆ ಜಾಗ ಬಿಟ್ಟು ಅಲುಗಲಿಲ್ಲ.

ಕುಲ್ಸುಮಬಿ ಮಗಳನ್ನೇ ನೋಡಿದಳು. ಅವಳ ತೊಡೆಯ ಮೇಲಿದ್ದ ಪುಸ್ತಕ ನೋಡಿದಳು. ಆಮೇಲೆ ತನ್ನ ಎರಡೂ ಅಂಗೈಗಳನ್ನು ಮುಂದೆ ಚಾಚಿ ಸಾವಕಾರರ ಕಡೆ ತಿರುಗಿದಳು.

"ಹೆಂಗ ಎಬ್ಬಿಸ್ಲಿ ಸಾವಕಾರ್ರ? ಖಾರದ ಕೈ ಅದಾವ."

ತೊಟ್ಟು ಬಿಡಿಸುವವರ ಮನೆಗಳಲ್ಲಿ ಇದೊಂದು ಕಟ್ಟಳೆ. ಇಡೀ ದಿನ ಕಾಯಿ ಮುರಿದ ಕೈಗೆ ಖಾರ ಇಳಿದಿರುತ್ತದೆ. ಆ ಕೈಯಿಂದ ಮಕ್ಕಳನ್ನು ಮುಟ್ಟುವುದಿಲ್ಲ. ಅಳುವ ಕೂಸನ್ನೂ ಮೊಣಕೈಯಲ್ಲೇ ಎತ್ತಿಕೊಳ್ಳುತ್ತಾರೆ. ಸಂಜೆ ಎಣ್ಣೆ ಉಜ್ಜಿ, ಮಜ್ಜಿಗೆಯಲ್ಲಿ ತೊಳೆದು, ಉರಿ ಇಳಿದ ಮೇಲೆಯೇ ಮಗಳ ತಲೆ ಬಾಚುವುದು, ಮಗನ ಕೆನ್ನೆ ಸವರುವುದು. ಇದು ಬ್ಯಾಡಗಿಯಲ್ಲಿ ಯಾರಿಗೂ ಗೊತ್ತಿಲ್ಲದ ಸಂಗತಿಯಲ್ಲ. ಗುಡ್ಡಪ್ಪನವರಿಗಂತೂ ಮನೆಯ ಮಾತು. ಅವರ ತಾಯಿಯೂ ಒಂದು ಕಾಲಕ್ಕೆ ಬೇರೆಯವರ ಗೋದಾಮಿನಲ್ಲಿ ತೊಟ್ಟು ಬಿಡಿಸಿ ಇವರನ್ನು ಸಾಕಿದವಳು.

"ನಳ ಐತಲ್ಲ ಅಲ್ಲಿ. ತೊಳಕೊಂಡ ಬಾ" ಎಂದರು ಸಾವಕಾರರು. ದನಿ ಮೊದಲಿನಷ್ಟು ಗಟ್ಟಿಯಿರಲಿಲ್ಲ.

"ನೀರಿಗೆ ಹೋಗ್ತೈತೇನ್ರೀ ಖಾರ? ನಿಮಗ ಗೊತ್ತಿಲ್ಲದ್ದ ಏನೈತಿ. ನಿಮ್ಮ ಕಾಯೀನ ಖಾರ ಒಯ್ದು ನನ್ನ ಮಗಳ ಮೈಗೆ ಹಚ್ಚಲೇನು?"

ಭರಮವ್ವ ಮುಂದೆ ಬಂದಳು. ಗಂಟುಗಂಟಾದ, ಉಗುರಿನ ಸಂದಿಯಲ್ಲೆಲ್ಲ ಕೆಂಪು ಕೂತ ಎರಡು ಕೈಗಳನ್ನು ಮೇಲೆತ್ತಿದಳು. "ನಂದೂ ಖಾರದ ಕೈನ ಐತ್ರೀ."

"ನಂದೂ" ಎಂದಳು ಇನ್ನೊಬ್ಬಳು. "ನಂದೂ ಹಂಗ ಐತಿ." ಒಬ್ಬೊಬ್ಬಳಾಗಿ ಕೈ ಎತ್ತಿದರು. ಎಲ್ಲರೂ ಎತ್ತಿದರು ಎಂದು ಹೇಳಿದರೆ ಕತೆ ಚಂದವಾಗುತ್ತದೆ, ಆದರೆ ಹಾಗಾಗಲಿಲ್ಲ. ಕೆಲವರು ಸಾವಕಾರರ ಮುಖ ನೋಡಿ, ಸೆರಗು ಬಾಯಿಗೆ ಒತ್ತಿಕೊಂಡು ಗೋದಾಮಿಗೆ ವಾಪಸ್ ಹೋದರು. ಅವರನ್ನು ನಾನು ಬೈಯಲಾರೆ. ಸ್ವಲ್ಪ ಹೊತ್ತಿನ ಹಿಂದೆ ಸಿಮ್ರಾನಳನ್ನು ಏಳು ಎಂದಾಗ ನಾನೂ ಹಾಗೇ ಹೆದರಿದ್ದೆ.

ಭರಮವ್ವ ಇನ್ನೂ ಮುಗಿಸಿರಲಿಲ್ಲ. "ಎಬ್ಬಿಸೂದ ಇದ್ರ ನೀವ ಎಬ್ಬಿಸ್ರಿ ಗುಡ್ಡಪ್ಪಾರ. ನಿಮ್ಮ ಕೈ ತಣ್ಣಗ ಅದಾವಲ್ಲ. ಮುಟ್ಟಿ ನೋಡ್ರಿ ನಮ್ಮ ಹೆಣ್ಮಕ್ಕಳನ್ನ, ನಾವೂ ಇಲ್ಲೇ ನಿಂತು ನೋಡ್ತೇವಿ."

ಗುಡ್ಡಪ್ಪ ಒಂದು ಹೆಜ್ಜೆ ಮುಂದಿಟ್ಟರು. ಕೈ ಎತ್ತಿ ನಿಂತ ಹೆಂಗಸರನ್ನು ನೋಡಿದರು, ಕಾಲ ಬುಡದಲ್ಲಿ ಕೂತ ಹುಡುಗಿಯರನ್ನು ನೋಡಿದರು, ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡರು. ಟ್ರ್ಯಾಕ್ಟರ್ ಡ್ರೈವರ್ ತಾನಾಗಿಯೇ ಎಂಜಿನ್ ಬಂದ್ ಮಾಡಿ, ಬೀಡಿ ಹುಡುಕುವವನಂತೆ ಕಿಸೆಗೆ ಕೈ ಹಾಕಿದ. ಹೆಡ್‌ಮಾಸ್ತರ ಯಾವಾಗಲೋ ವರಾಂಡ ಸೇರಿಕೊಂಡಿದ್ದರು.

"ಕುಲ್ಸುಮಾ, ನಾಳಿಂದ ನೀ ಬರಬ್ಯಾಡ" ಎಂದರು ಗುಡ್ಡಪ್ಪ. ಆಮೇಲೆ ನನ್ನ ಕಡೆ ತಿರುಗಿ, "ಟೀಚರ್, ನೀವೂ ಮುಂದಿನ ವರ್ಷ ಈ ಕಡೆ ತಲಿ ಹಾಕಬ್ಯಾಡ್ರಿ. ಇಂಥಾ ಪಾಠ ನಮ್ಮ ಸಾಲಿಗೆ ಬೇಕಾಗಿಲ್ಲ" ಎಂದರು.

"ಪಾಠ ಪುಸ್ತಕದಾಗ ಐತ್ರೀ" ಎಂದೆ. ನನ್ನ ಬಾಯಿ ನನಗೆ ವಾಪಸ್ ಸಿಕ್ಕಿತ್ತು. "ಮುಂದಿನ ವರ್ಷ ಯಾರ ಬಂದ್ರೂ ಅದನ್ನ ಕಲಿಸಬೇಕು. ನನ್ನ ತಗದ್ರ ಪಾಠ ಹೋಗೂದಿಲ್ಲ."

ಗುಡ್ಡಪ್ಪ ಟ್ರ್ಯಾಕ್ಟರ್ ಹಿಂದಕ್ಕೆ ಹೊರಳಿಸಲು ಕೈ ಮಾಡಿ, ಬೈಕು ಹತ್ತಿದರು. ಮಕ್ಕಳು ಚಪ್ಪಾಳೆ ಹೊಡೆಯಲು ಹೊರಟಾಗ ಸಿಮ್ರಾನ ಬೇಡವೆಂದು ಕೈ ತೋರಿಸಿದಳು. ಸೋತವರನ್ನು ಅಣಕಿಸಬಾರದು ಎಂದು ನಾನು ಹೇಳಿಕೊಟ್ಟಿರಲಿಲ್ಲ, ಅದು ಅವಳದೇ ಬುದ್ಧಿ.

ಗೆದ್ದೆವೆಂದು ನಾನು ಕುಲ್ಸುಮಬಿಯ ಹತ್ತಿರ ಹೋದೆ. ಏನೋ ಸಮಾಧಾನದ ಮಾತು, ಧನ್ಯವಾದದ ಮಾತು ಆಡಬೇಕೆಂದಿದ್ದೆ. ಅವಳು ನನಗೆ ಬಾಯಿ ತೆರೆಯಲು ಬಿಡಲಿಲ್ಲ. ಸಾವಕಾರರ ಮೇಲೆ ಇದ್ದುದಕ್ಕಿಂತ ಹೆಚ್ಚಿನ ಸಿಟ್ಟು ನನ್ನ ಮೇಲಿತ್ತು.

"ಪಾಠ ನೀವು ಮಾಡಿದ್ರಿ, ಕೆಲಸ ನನ್ನದು ಹೋತು. ಆತಲ್ಲ ನಿಮಗ ಸಮಾಧಾನ?"

"ತಪ್ಪಾತವ್ವಾ" ಎಂದೆ. "ನಾಳೆ ನಾನ ಹೋಗಿ ಸಾವಕಾರ್ರ ಕಾಲ ಹಿಡೀತೇನಿ. ನಿಮ್ಮ ಕೆಲಸ..."

"ಕಾಲ ಹಿಡೀತೀರಿ?" ಅವಳ ದನಿ ಏರಿತು. "ಎಲ್ಲಾರ ಮುಂದ ಕೈ ಎತ್ತಿ ನಿಂತೇನಿ ನಾನು. ಈಗ ನೀವು ಹೋಗಿ ಕಾಲ ಹಿಡದ್ರ ನನ್ನ ಮಗಳ ಮುಂದ ನನ್ನ ಮಾನ ಏನ ಉಳೀತೈತಿ? ಬ್ಯಾಡ. ನನಗ ಒಂದ ಹೇಳ್ರಿ. ಆ ಉಪ್ಪಿನ ಪಾಠ ಈಕಿ ರಾತ್ರಿಯೆಲ್ಲಾ ಮನ್ಯಾಗ ಓದ್ಯಾಳ, ನಾ ರೊಟ್ಟಿ ಬಡೀತಾ ಅರ್ಧಾ ಕೇಳೇನಿ. ಉಪ್ಪು ಮಾಡಿದ್ರು, ಪೊಲೀಸರು ಹೊಡದ್ರು. ಮುಂದ ಏನಾತು? ಆ ಉಪ್ಪಿನ ಕರ ಮರುದಿನ ಹೋತೇನು?"

ಹೌದು ಎನ್ನಬಹುದಿತ್ತು. ಅವಳ ಮನಸ್ಸಿಗೆ ಆ ಹೊತ್ತಿಗೆ ಒಂದು ಆಸರೆಯಾದರೂ ಸಿಗುತ್ತಿತ್ತು. ಮಕ್ಕಳೆಲ್ಲ ಪುಸ್ತಕ ಮುಚ್ಚಿ ನಮ್ಮಿಬ್ಬರನ್ನೇ ನೋಡುತ್ತಿದ್ದರು. ಸುಳ್ಳೇನು ಎಂದು ಸಿಮ್ರಾನ ಕೇಳಿದ ಪ್ರಶ್ನೆಗೆ ನಾನಿನ್ನೂ ಉತ್ತರ ಕೊಟ್ಟಿರಲಿಲ್ಲ.

"ಇಲ್ಲವ್ವಾ" ಎಂದೆ. "ಮರುದಿನ ಹೋಗಲಿಲ್ಲ. ಸಾವಿರಾರು ಮಂದಿ ಜೈಲಿಗೆ ಹೋದ್ರು. ಕೆಲವ್ರ ಹೊಲ ಹೋದುವು, ಮನಿ ಹೋದುವು. ಕರ ಪೂರಾ ಹೋಗಬೇಕಾದ್ರ ಹದಿನೇಳ ವರ್ಷ ಹಿಡೀತು."

"ಹದಿನೇಳ ವರ್ಷ!" ಕುಲ್ಸುಮಬಿ ಭರಮವ್ವನ ಮುಖ ನೋಡಿದಳು. ಭರಮವ್ವ ಅವಳ ಮುಖ ನೋಡಿದಳು. ಇನ್ನು ಇವರು ಹೊರಟು ಹೋಗುತ್ತಾರೆ, ಹೋಗಲಿ, ಯಾರು ತಾನೆ ನಿಲ್ಲುತ್ತಾರೆ ಎಂದುಕೊಂಡೆ. ಕುಲ್ಸುಮಬಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಗಳ ಪಕ್ಕದಲ್ಲಿ ಅವಳ ಮೈಗೆ ತಾಕದಷ್ಟು ದೂರ ಬಿಟ್ಟು, ಮಣ್ಣಿನ ಮೇಲೆ ಕೂತಳು.

"ನಮ್ಮದು ಉಗಾದಿತನಕಷ್ಟ ಐತಿ" ಎಂದಳು. "ಭರಮವ್ವಾ, ನಾಳೆ ಎಲ್ಲಾರಿಗೂ ಬುತ್ತಿ ಕಟ್ಟಿಕೊಂಡ ಬರಾಕ ಹೇಳು."